ಗ್ಲಾಕ್ 19 ಸಾಕಾ, ಇಲ್ಲ ಮ್ಯಾಚ್‌ಗೆ 17 ಬೇಕೇ ಬೇಕಾ?

ಡಲ್ಲಾಸ್ ಹುಡ್ಗ:
ಎಲ್ರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಬಂದ್ಮೇಲೆ ಹೋದ್ ವರ್ಷ ಒಂದು ಗ್ಲಾಕ್ 19 ಕಾಂಪ್ಯಾಕ್ಟ್ ಪಿಸ್ತೂಲ್ ತಗೊಂಡೆ, ಆರ್ ತಿಂಗ್ಳಿಂದ ಟೈಮ್ ಇಟ್ಟು ಗುರಿ ಹೊಡಿಯೋ ಯುಎಸ್‌ಪಿಎಸ್‌ಎ ಮ್ಯಾಚ್‌ಗೆ ಹೋಗ್ತಾ ಇದೀನಿ, ತಿಂಗ್ಳಿಗೆ ಒಂದೇ. ಸ್ಕ್ವಾಡಲ್ಲಿ ಮುಕ್ಕಾಲ್ ಜನ 17ರ ಥರ ಫುಲ್ ಸೈಜ್ ಇಟ್ಕೊಂಡಿರ್ತಾರೆ, ನನ್ ಪಿಸ್ತೂಲ್ ನೋಡಿ "ಸೊಂಟದಲ್ಲಿ ಬಚ್ಚಿಟ್ಕೊಳ್ಳೋದನ್ನ ಮ್ಯಾಚ್‌ಗೆ ತಂದಿದಾನೆ" ಅನ್ನೋ ಥರ ಕಿಚಾಯಿಸ್ತಾರೆ.

ಶನಿವಾರ ಫ್ರೆಂಡ್ ಹತ್ರ 17 ಇಸ್ಕೊಂಡು ಎರಡ್ರಲ್ಲೂ ಬಿಲ್ ಡ್ರಿಲ್ ಹೊಡ್ದೆ. ಗೊತ್ತಿಲ್ದೋರಿಗೆ: 7 ಯಾರ್ಡ್, ಬೀಪ್ ಬಂದ ತಕ್ಷಣ ಹೋಲ್‌ಸ್ಟರ್‌ನಿಂದ ತೆಗ್ದು ಒಂದೇ ಟಾರ್ಗೆಟ್‌ಗೆ 6 ಗುಂಡು. ನನ್ ಬೆಸ್ಟ್ 17ರಲ್ಲಿ 3.05 ಸೆಕೆಂಡ್, ಐದು ಎ ಒಂದು ಸಿ (ಎ ಅಂದ್ರೆ ಟಾರ್ಗೆಟ್ ನಡುವಿನ ಭಾಗ, ಸಿ ಅದರ ಸುತ್ತ). 19ರಲ್ಲಿ 3.12, ನಾಲ್ಕು ಎ ಎರಡು ಸಿ. ಇಷ್ಟಕ್ಕೆ ಹೊಸ ಪಿಸ್ತೂಲ್ ತಗೋಬೇಕಾ? ಮನೇಲಿ ಒಪ್ಸೋದೇ ದೊಡ್ಡ ಸ್ಟೇಜ್ ಕಣ್ರಪ್ಪ.

ಮಂಡ್ಯ ಗೌಡ:
ಗುರು, ನಿನ್ ಲೆಕ್ಕನೇ ಮಾಡೋಣ. ಮೈನರ್‌ನಲ್ಲಿ (ಕಮ್ಮಿ ಜೋರಿನ ಗುಂಡಿನ ಸ್ಕೋರಿಂಗ್) ಎ ಗೆ 5, ಸಿ ಗೆ 3. ಅಂದ್ರೆ 17ರಲ್ಲಿ 28 ಪಾಯಿಂಟ್, 3.05ರಿಂದ ಭಾಗಿಸಿದ್ರೆ ಹಿಟ್ ಫ್ಯಾಕ್ಟರ್ 9.18. 19ರಲ್ಲಿ 26, ಹಿಟ್ ಫ್ಯಾಕ್ಟರ್ 8.33. ಟೈಮ್ ನೋಡಿದ್ರೆ ಏನೂ ಇಲ್ಲ ಅನ್ಸುತ್ತೆ, ಆದ್ರೆ ಒಂದ್ ಗುಂಡು ಎ ಬಿಟ್ಟು ಸಿ ಗೆ ಜಾರಿದ್ದೇ ಸುಮಾರು 7 ಪರ್ಸೆಂಟ್ ತಿಂದ್ ಹಾಕ್ತು. ಆದ್ರೂ ಐದಾರ್ ಸಲ ಹೊಡ್ದು ಬೆಸ್ಟ್ ಮಾತ್ರ ಆರ್ಸಿ ಹೇಳ್ಬೇಡ, ಎಲ್ಲಾ ರನ್ನೂ ಬರ್ಕೋ.

ಇನ್ನು ಎಲ್ರೂ ಬ್ಯಾರೆಲ್ ಬ್ಯಾರೆಲ್ ಅಂತಾರೆ. 17ರದ್ದು 114 ಮಿಮೀ, 19ರದ್ದು 102. 7 ಯಾರ್ಡಲ್ಲಿ ಆ 12 ಮಿಮೀ ನಿನ್ನ ಎ ಇಂದ ಸಿ ಗೆ ತಳ್ಳಲ್ಲ. ತೂಕದ್ ವ್ಯತ್ಯಾಸನೂ ಒಂದ್ ಹಿಡಿ ಕಡ್ಲೆಕಾಯಿ ಅಷ್ಟೇ. ಮ್ಯಾಟ್ರು ಇರೋದು ಹಿಡೀಲಿ. 19ರ ಹಿಡಿ ಸುಮಾರು 11 ಮಿಮೀ ಗಿಡ್ಡ, ನನ್ ಥರ ದೊಡ್ಡ ಕೈ ಇದ್ರೆ ಕಿರುಬೆರಳು ಅರ್ಧ ಹೊರಗೇ ನೇತಾಡುತ್ತೆ, ಮೂರನೇ ಗುಂಡಿನ ಹೊತ್ಗೆ ಕೈಯೊಳಗೆ ಪಿಸ್ತೂಲ್ ಸ್ವಲ್ಪ ತಿರುಗಿರುತ್ತೆ. ನಿನ್ನ ಸಿ ಎಲ್ಲಾ ಕೊನೇ ಎರಡ್ಮೂರು ಗುಂಡಾ? ಹೌದು ಅಂದ್ರೆ ಇದೇ ಕಾಯಿಲೆ.

ಆಮೇಲೆ ರೀಲೋಡ್, ಅಂದ್ರೆ ಮ್ಯಾಗಜೀನ್ ಬದಲಾಯ್ಸೋದು. ಗಿಡ್ಡ ಹಿಡೀಲಿ ಬಲಗೈ ಅಂಗೈ ಬುಡ ಮ್ಯಾಗಜೀನ್ ಬಾಯಿಗಿಂತ ಕೆಳಗ್ ಇಳಿದಿರುತ್ತೆ, ಜೋರಾಗ್ ಮ್ಯಾಗಜೀನ್ ಗುದ್ದಿದ್ರೆ ಚರ್ಮ ಮಧ್ಯ ಸಿಕ್ಕಿ ಚಿವುಟುತ್ತೆ. ಒಂದ್ಸಲ ಚಿವುಟಿಸ್ಕೊಂಡೋನು ಮುಂದಿನ್ ಸಲ ಗೊತ್ತಿಲ್ದಂಗೇ ನಿಧಾನ ಮಾಡ್ತಾನೆ. ಬಿಲ್ ಡ್ರಿಲ್ಲಲ್ಲಿ ರೀಲೋಡೇ ಇಲ್ಲ, ಅದ್ರಿಂದ ನಿಂಗೆ ಅರ್ಧ ಉತ್ತರ ಮಾತ್ರ ಸಿಕ್ಕಿದೆ. ಎಲ್ ಪ್ರೆಸಿಡೆಂಟ್ ಹೊಡಿ: 10 ಯಾರ್ಡ್, ಬೆನ್ನು ಹಾಕಿ ನಿಂತು ತಿರುಗಿ ಮೂರು ಟಾರ್ಗೆಟ್‌ಗೆ ಎರಡೆರಡು, ರೀಲೋಡ್, ಮತ್ತೆ ಎರಡೆರಡು.

ಹುಬ್ಬಳ್ಳಿ ಮಂದಿ:
ಗೌಡ್ರು ಹೇಳಿದ್ದು ಖರೆ ಐತ್ರಿ, ಆದ್ರ 25 ಯಾರ್ಡಿಗೆ ಹೋದ್ರ ಕಬ್ಬಿಣದ ಸೈಟ್‌ನಾಗ ಫರಕ್ ಕಾಣತೈತಿ ನೋಡ್ರಿ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಕಮ್ಮಿ ಆದಷ್ಟೂ ಕಣ್ಣಿನ ತಪ್ಪು ಟಾರ್ಗೆಟ್ ಮ್ಯಾಲೆ ದೊಡ್ಡದಾಗತೈತಿ. ರೆಡ್ ಡಾಟ್ (ಕೆಂಪು ಚುಕ್ಕಿ ತೋರ್ಸೋ ಗಾಜಿನ ಸೈಟ್) ಹಾಕಿದ್ರ ಆ ತಕರಾರು ಇಲ್ಲ.

ಇನ್ನೊಂದು. ನಾ ಗುಂಡು ಮನ್ಯಾಗ ತಯಾರ್ ಮಾಡ್ತೀನಿ, ಬುಲೆಟ್ ತೂಕ 115 ಗ್ರೇನ್. 17ರಾಗ ಪವರ್ ಫ್ಯಾಕ್ಟರ್ (ಗುಂಡಿನ ಜೋರಿನ ಲೆಕ್ಕ) 127 ಬರ್ತಿತ್ತು, ಆರಾಮ ಇದ್ದೆ. ಒಂದು ಮ್ಯಾಚಿಗೆ ಅದ ಗುಂಡು ತಗೊಂಡು 19 ಒಯ್ದೆ. ಕ್ರೋನೋದಾಗ (ಗುಂಡಿನ ವೇಗ ಅಳಿಯೋ ಯಂತ್ರ) ಸರಾಸರಿ ಸೆಕೆಂಡಿಗೆ 1070 ಅಡಿ. 115 ಗುಣಿಸು 1070, ಸಾವಿರದಿಂದ ಭಾಗಿಸ್ರಿ, 123. ಮೈನರಿಗೆ 125 ಬೇಕು. ದಿನಾ ಪೂರ್ತಿ ಸ್ಕೋರ್ ಇಲ್ದ ಹೊಡ್ದು ಮನಿಗೆ ಬಂದೆ. ಪಿಸ್ತೂಲಿಂದೇನೂ ತಪ್ಪಿಲ್ರಿ, ಅಳತಿ ಮಾಡ್ದ ಹೋದಾಂವ ನಾನ. ಅಂಗಡಿ ಗುಂಡು ಹೊಡೆಯೋರಿಗೆ ಈ ಚಿಂತಿ ಅಷ್ಟಿಲ್ಲ.

ಸಿಯಾಟಲ್ ಸೀನ:
ಸ್ವಲ್ಪ ಟಾಪಿಕ್ ಬಿಟ್ಟು ಕೇಳ್ತಿದೀನಿ, ಬೈಬೇಡಿ. ನಾನಿನ್ನೂ ಎಚ್1ಬಿ. ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲ್ ಮುಟ್ಟಬಹುದಾ?

ಮಂಡ್ಯ ಗೌಡ:
ಮುಟ್ಟೋಕ್ ಮುಂಚೆ ಹಂಟಿಂಗ್ ಲೈಸೆನ್ಸ್ ಮಾಡಿಸ್ಕೊ ಮಾರಾಯ. ಫೆಡರಲ್ ಕಾನೂನಲ್ಲಿ ನಾನ್ ಇಮಿಗ್ರೆಂಟ್ ವೀಸಾದವ್ರು ಗನ್ ಇಟ್ಕೊಳ್ಳೋ ಹಂಗಿಲ್ಲ, ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯ್ತಿ. ಸ್ಟೇಟ್ ರೂಲ್ಸ್ ಬೇರೆ ಇರುತ್ತೆ, ವೀಸಾ ವಿಷ್ಯ ಅಂದ್ಮೇಲೆ ವಕೀಲ್ರನ್ನ ಒಂದ್ಮಾತು ಕೇಳು.

ಕೊಡಗಿನ ಕೋವಿ:
ನಮ್ಮೂರಲ್ಲಿ ಕೈಲ್‌ಪೊಳ್ದ್‌ಗೆ ಮರದ ತುದೀಲಿರೋ ತೆಂಗಿನಕಾಯಿಗೆ ಹೊಡೀತೀವಿ, ಅಲ್ಲಿ ಯಾರೂ ಹಿಟ್ ಫ್ಯಾಕ್ಟರ್ ಕೇಳಲ್ಲ, ಕಾಯಿ ಒಡೀತಾ ಇಲ್ವಾ ಅಷ್ಟೇ 😄

ವಿಷ್ಯಕ್ ಬರೋದಾದ್ರೆ, ಐಡಿಪಿಎ ಅನ್ನೋ ಇನ್ನೊಂದು ಶೂಟಿಂಗ್ ಸ್ಪರ್ಧೆ ನೋಡಿದೀರಾ? ಅಲ್ಲಿ ಸಿಸಿಪಿ ಅಂತ ಒಂದು ಡಿವಿಜನ್ ಕಾಂಪ್ಯಾಕ್ಟ್‌ಗೇ ಇದೆ, ಮ್ಯಾಗಜೀನಲ್ಲಿ ಎಲ್ರೂ 8 ಗುಂಡೇ. 19 ಹಿಡಿಸುತ್ತೆ, 17 ಹಿಡಿಸಲ್ಲ, ಹಾಗಾಗಿ ನಿಮ್ಮನ್ನ ನೋಡಿ ನಗೋರೇ ಇರಲ್ಲ. ಆದ್ರೆ ಅಲ್ಲಿ ಕಳ್ಕೊಂಡ ಒಂದೊಂದು ಪಾಯಿಂಟ್‌ಗೂ ಒಂದು ಸೆಕೆಂಡ್ ಸೇರಿಸ್ತಾರೆ, ಆ ಸಿ ಗಳನ್ನ ಮಾತ್ರ ಸರಿ ಮಾಡ್ಕೊಳ್ಳಿ. ಯುಎಸ್‌ಪಿಎಸ್‌ಎನೇ ಬೇಕು, ಡಾಟ್ ಇದೆ ಅಂದ್ರೆ ಕ್ಯಾರಿ ಆಪ್ಟಿಕ್ಸ್ ಡಿವಿಜನ್‌ಗೆ ಹೋಗಿ, 17ರ ಮ್ಯಾಗಜೀನ್ 19ಕ್ಕೂ ಕೂರುತ್ತೆ, ಕೆಳಗೆ ಸ್ವಲ್ಪ ಹೊರಗ್ ಬರುತ್ತೆ ಅಷ್ಟೇ. ಮ್ಯಾಗಜೀನಿನ ಒಟ್ಟು ಉದ್ದ 141.25 ಮಿಮೀ ದಾಟ್ಬಾರ್ದು.

ಡಲ್ಲಾಸ್ ಹುಡ್ಗ:
ಎರಡು ವಾರ ಆದ್ಮೇಲೆ ಬರೀತಿದೀನಿ, ಸಾರಿ. ಗೌಡ್ರೇ, ಹಳೇ ಟಾರ್ಗೆಟ್ ಡಿಕ್ಕೀಲೇ ಇತ್ತು ಆದ್ರೆ ಯಾವ್ ತೂತು ಎಷ್ಟನೇದು ಅಂತ ಹೆಂಗ್ ಗೊತ್ತಾಗ್ಬೇಕು, ಅದಕ್ಕೆ ಮತ್ತೆ ಹೋಗಿ ಮೊದಲ ಮೂರು ಹೊಡ್ದು ಸ್ಟಿಕರ್ ಹಚ್ಚಿ, ಆಮೇಲೆ ಆರೂ ಹೊಡ್ದು ನೋಡ್ದೆ. ಮೂರೇ ಹೊಡ್ದಾಗ ಎಲ್ಲಾ ಎ. ಆರು ಹೊಡ್ದಾಗ ಎಡಗಡೆ ಕೆಳಕ್ಕೆ ಜಾರ್ತಿದೆ. ನೀವ್ ಹೇಳಿದ್ದೇ ಸರಿ.

ಎಲ್ ಪ್ರೆಸಿಡೆಂಟ್ ಎಂಟೆಂಟ್ ಸಲ ಹೊಡ್ದೆ. 19, ಅದರದ್ದೇ ಮ್ಯಾಗಜೀನ್: ರೀಲೋಡ್ ಹೆಚ್ಚುಕಮ್ಮಿ 2.7 ಸೆಕೆಂಡ್, ನಾಲ್ಕನೇ ರನ್‌ನಲ್ಲಿ ಅಂಗೈ ಸಿಕ್ಕಿ ರಕ್ತ ಹೆಪ್ಪುಗಟ್ಟಿದ ಸಾಸಿವೆ ಕಾಳಿನಷ್ಟ್ ಚುಕ್ಕೆ, ಇನ್ನೂ ಇದೆ. ಅದೇ 19ಕ್ಕೆ 17ರ ಮ್ಯಾಗಜೀನ್ ಹಾಕಿದ್ರೆ 2.3, ಕಿರುಬೆರಳಿಗೂ ಕೂರೋಕೆ ಜಾಗ ಸಿಕ್ತು. ಪೂರ್ತಿ 17ರಲ್ಲಿ 2.2. ಫ್ರೆಂಡ್ ಪಿಸ್ತೂಲ್ ವಾಪಸ್ ಕೊಟ್ಟು ನಾಲ್ಕ್ ಮ್ಯಾಗಜೀನ್ ಆರ್ಡರ್ ಮಾಡಿದೀನಿ. ಡಾಟ್ ಇನ್ನೂ ಇಲ್ಲ, ಅದನ್ನ ಮನೇಲಿ ಯಾವಾಗ ಕೇಳೋದು ಅಂತ ಒಳ್ಳೇ ದಿನ ನೋಡ್ತಿದೀನಿ.