ಗಂಡಸುತನ, ಧಾತು, ಬೀಜ: ಮಕ್ಕಳಾಗುವ ಶಕ್ತಿಗೆ ಯಾವ ಪದ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಕುಮಟೆಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಕಡಿಮೆ ಇದ್ದು, ಮಕ್ಕಳೂ ಬೇಕು ಅನ್ನುವ ಗಂಡಸರಿಗಾಗಿ ಒಂದು ಪುಟದ ಮಾಹಿತಿ ಬರೆಯಲು ಕೂತಿದ್ದೇನೆ. ಪದ ಸಿಗದೆ ಪೆನ್ನು ನಿಂತಿದೆ.

ಹೋದ ವಾರ ಒಬ್ಬ ಹುಡುಗ ಬಂದ. ಡಾಕ್ಟರ್ ಚೀಟಿ ನಾಲ್ಕು ಮಡಿಕೆಯಾಗಿ ಅಂಗಿ ಜೇಬಿನಲ್ಲಿತ್ತು. ಬೇರೆ ಗಿರಾಕಿಗಳೆಲ್ಲ ಹೋಗುವವರೆಗೂ ಹೊರಗೆ ತೆಗೆಯಲಿಲ್ಲ. ಕ್ಲೋಮಿಫೀನ್ ಮಾತ್ರೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ. "ಅಣ್ಣಾ, ಇದು ಹೆಂಗಸರ ಮಾತ್ರೆ ಅಲ್ವಾ? ನಂಗೆ ಗಂಡಸುತನದ ಇಂಜೆಕ್ಷನ್ ಕೊಡಿ" ಎಂದ.

ಅವನನ್ನು ದೂರುವ ಹಾಗಿಲ್ಲ. ಹಾರ್ಮೋನು, ಹಾಸಿಗೆಯ ಉತ್ಸಾಹ, ಮಕ್ಕಳಾಗುವುದು, ಮೂರನ್ನೂ ನಾವು 'ಗಂಡಸುತನ' ಅಂತಲೇ ಕರೆದಿದ್ದೇವೆ. ಹಾಗಾಗಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡರೆ ಮೂರೂ ಜಾಸ್ತಿಯಾಗುತ್ತವೆ ಅನ್ನಿಸುತ್ತದೆ. ಆಗುವುದು ಬೇರೆ. ಹೊರಗಿನಿಂದ ಹಾರ್ಮೋನು ಬಂತೆಂದರೆ ಮೆದುಳು, ವೃಷಣಕ್ಕೆ ಕೆಲಸ ಹೇಳುವ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ಇಳಿಸುತ್ತದೆ. ವೀರ್ಯಾಣು ಹುಟ್ಟುವುದು ಕುಗ್ಗುತ್ತದೆ, ಕೆಲವರಲ್ಲಿ ಸೊನ್ನೆಗೂ ಬರುತ್ತದೆ. ನಿಲ್ಲಿಸಿದ ಮೇಲೆ ಮರಳಲು ತಿಂಗಳುಗಟ್ಟಲೆ ಬೇಕು. ಕ್ಲೋಮಿಫೀನ್ ಹಾಗಲ್ಲ. ಅದು ಮೆದುಳಿಗೆ ಈಸ್ಟ್ರೋಜನ್ ಎಂಬ ಹಾರ್ಮೋನಿನ ಸುದ್ದಿ ಮುಟ್ಟದಂತೆ ತಡೆಯುತ್ತದೆ. ಆಗ ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ಜಾಸ್ತಿ ಕಳಿಸುತ್ತದೆ, ವೃಷಣವೇ ಟೆಸ್ಟೋಸ್ಟೆರಾನ್ ಮಾಡಿಕೊಳ್ಳುತ್ತದೆ. ಎಚ್‌ಸಿಜಿ ಇಂಜೆಕ್ಷನ್ನು ಎಲ್‌ಎಚ್‌ನ ಕೆಲಸವನ್ನೇ ಮಾಡುತ್ತದೆ. ವೃಷಣಕ್ಕೇ ಪೆಟ್ಟು ಬಿದ್ದಿದ್ದರೆ ಮಾತ್ರ ಇವುಗಳಿಂದ ಹೆಚ್ಚು ಪ್ರಯೋಜನವಿಲ್ಲ.

ಈಗ ಪದಗಳ ವಿಷಯ. 'ಫಲವತ್ತತೆ' ಬರೆದರೆ ತೋಟದ ಮಣ್ಣಿನ ನೆನಪಾಗುತ್ತದೆ. 'ಬಂಜೆತನ' ಬೇಡವೇ ಬೇಡ, ಬಂಜೆ ಅಂದರೆ ಹೆಂಗಸು ಅಂತಲೇ ಅರ್ಥ. 'ಗೊಡ್ಡು' ಎಮ್ಮೆಗೆ ಹೇಳುವ ಮಾತು. 'ಬೀಜ' ಅಂದರೆ ಕೆಲವರಿಗೆ ವೃಷಣ, ಕೆಲವರಿಗೆ ವೀರ್ಯಾಣು. ನಮ್ಮ ಕರಾವಳಿಯಲ್ಲಿ ಗೇರುಬೀಜವೂ ಹೌದು. 'ಧಾತು' ಜನರ ಬಾಯಲ್ಲಿದೆ. ಆಯುರ್ವೇದದ 7 ಧಾತುಗಳಲ್ಲಿ ಕೊನೆಯದಾದ ಶುಕ್ರಕ್ಕೇ ಆ ಹೆಸರು ಅಂಟಿಕೊಂಡಿದೆ. ಆದರೆ 'ಧಾತು ಕಡಿಮೆ' ಅಂದಾಗ ಕಡಿಮೆಯಾದದ್ದು ಹಾರ್ಮೋನೋ ವೀರ್ಯಾಣುವೋ? ವೀರ್ಯ ಎಂದಿನಷ್ಟೇ ಇದ್ದು ಅದರಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ಅದಕ್ಕೇ ಸದ್ಯಕ್ಕೆ 'ಮಕ್ಕಳಾಗುವ ಶಕ್ತಿ' ಅಂತ ಬರೆದಿದ್ದೇನೆ. ಉದ್ದ ಆಯಿತು, ಆದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಎರಡು ಬಗೆಯ ಔಷಧಿಗೆ 'ತುಂಬುಮದ್ದು', 'ಒಸರುಮದ್ದು' ಅನ್ನಬಹುದೇ? ಒಂದು ಬಾವಿಗೆ ಹೊರಗಿಂದ ನೀರು ಸುರಿದ ಹಾಗೆ, ಇನ್ನೊಂದು ಒಳಗಿನ ಒರತೆ ಬಿಡಿಸಿದ ಹಾಗೆ. ನನಗಿರುವ ಅನುಮಾನ ಒಂದೇ. ಗಾಯದಿಂದ ಕೀವು ಬಂದರೂ 'ಒಸರುತ್ತದೆ' ಅನ್ನುತ್ತೇವಲ್ಲ. ಶಿರಸಿ, ಸಿದ್ದಾಪುರದ ಕಡೆಯವರಿಗೆ 'ಒಸರು' ಅಂದ ಕೂಡಲೇ ಮೊದಲು ನೆನಪಾಗುವುದು ನೀರೋ, ಗಾಯವೋ? ತಿಳಿಸಿ. ಪುಟ ಅಚ್ಚಿಗೆ ಕೊಡುವ ಮೊದಲು ತಿದ್ದಿಕೊಳ್ಳುತ್ತೇನೆ.