ಜೀಬ್ರಾ ಮೀನಿಗೆ ಜೀನ್ ಸೇರಿಸಿದರೆ ಹೊಳಪು ತೇಪೆ ತೇಪೆಯಾಗಿ ಬರುವುದು ಯಾಕೆ?

ವಿರಾಜಪೇಟೆ ಟೀಚರ್:
ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಹನ್ನೆರಡು ಜೀಬ್ರಾ ಮೀನು ಸಾಕಿದ್ದೇನೆ. ತೊಟ್ಟಿಯ ತಳಕ್ಕೆ ಗೋಲಿ ಹಾಸಿದ್ದೇನೆ, ಇಲ್ಲದಿದ್ದರೆ ಇಟ್ಟ ಮೊಟ್ಟೆಯನ್ನು ಅವೇ ತಿಂದುಬಿಡುತ್ತವೆ. ಬೆಳಗ್ಗೆ ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಮೊಟ್ಟೆಗಳು ಗೋಲಿಯ ಸಂದಿಗೆ ಇಳಿದಿರುತ್ತವೆ. ಎರಡನೇ ದಿನ ಮೈಕ್ರೋಸ್ಕೋಪಿನಲ್ಲಿ ಮಿಡಿಯುವ ಹೃದಯ ತೋರಿಸಿದರೆ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ. ಕಳೆದ ಜುಲೈ ಮಳೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ ತೊಟ್ಟಿಯಲ್ಲಿ ತೇಲಿಬಿಟ್ಟೆ. ದೊಡ್ಡ ಮೀನು ಉಳಿದವು, ಮೊಟ್ಟೆ ಒಂದೂ ಉಳಿಯಲಿಲ್ಲ. ತುಂಬಾ ಬೇಜಾರಾಯಿತು.

ಈಗ ಒಬ್ಬಳು ಕೇಳಿದ್ದಾಳೆ: ಮೊಟ್ಟೆ ಒಂದೇ ಜೀವಕೋಶ ಇರುವಾಗ ತಾನೇ ಹಸಿರು ಹೊಳಪಿನ ಜೀನ್ ಚುಚ್ಚುವುದು? ಹಾಗಾದರೆ ಮೈಯೆಲ್ಲ ಹೊಳೆಯಬೇಕಲ್ವಾ? ನನಗೆ ಸರಿಯಾಗಿ ಹೇಳಲು ಆಗಲಿಲ್ಲ.

ಬೆಂಗಳೂರು ಲ್ಯಾಬ್, ಊರು ಸೋಮವಾರಪೇಟೆ:
ಮೇಡಂ, ಒಳ್ಳೆಯ ಪ್ರಶ್ನೆ. ಅಲ್ಲಿ ಸಮಯ ತೀರಾ ಕಡಿಮೆ. 28.5 ಡಿಗ್ರಿಯಲ್ಲಿ ಮೊಟ್ಟೆಯ ಒಂದು ಕೋಶ ಎರಡಾಗಲು ಸುಮಾರು 45 ನಿಮಿಷ, ಆಮೇಲೆ ಕಾಲು ಗಂಟೆಗೊಮ್ಮೆ. ನಾವು ಜೀನ್ ಜೊತೆಗೆ ಟೋಲ್2 ಕಿಣ್ವದ ಆರ್‌ಎನ್‌ಎ ಚುಚ್ಚುತ್ತೇವೆ. ಅದರಿಂದ ಕಿಣ್ವ ತಯಾರಾಗಿ, ಜೀನನ್ನು ವರ್ಣತಂತುವಿಗೆ ಸೇರಿಸುವಷ್ಟರಲ್ಲಿ ಕೋಶಗಳು ಹಲವಾಗಿರುತ್ತವೆ. ಕೆಲವಕ್ಕೆ ಸೇರುತ್ತದೆ, ಕೆಲವಕ್ಕೆ ಇಲ್ಲ. ಅದಕ್ಕೇ ತೇಪೆ. ಟೋಲ್2 ಸಿಕ್ಕಿದ್ದು ಜಪಾನಿನ ಗದ್ದೆಗಳಲ್ಲಿರುವ ಮೆಡಾಕಾ ಮೀನಿನಲ್ಲಿ. ನಮ್ಮ ಗದ್ದೆ ನೋಡುವಾಗೆಲ್ಲ ಇದು ನೆನಪಾಗುತ್ತದೆ.

ತೇಪೆ ಮರಿಯನ್ನು ಸುಮಾರು ಮೂರು ತಿಂಗಳು ಸಾಕಿ, ಸಾದಾ ಮೀನಿನ ಜೊತೆ ಬಿಡುತ್ತೇವೆ. ಅಂಡಾಣು, ವೀರ್ಯಾಣು ಆಗುವ ಕೋಶಗಳಿಗೆ ಜೀನ್ ಸೇರಿದ್ದರೆ ಕೆಲವು ಮರಿಗಳ ಪ್ರತಿ ಕೋಶದಲ್ಲೂ ಅದು ಇರುತ್ತದೆ. ತಳಿ ಶುರುವಾಗುವುದು ಅಲ್ಲಿಂದ. ಜೀನನ್ನು ಕತ್ತರಿಸಿ ಬದಲಿಸುವ ಕ್ರಿಸ್ಪರ್ ವಿಧಾನದಲ್ಲೂ ಇದೇ ಕಾಯುವಿಕೆ.

ನಾಪೋಕ್ಲು:
ನಮ್ಮ ಕಡೆ ತೋಡುಗಳಲ್ಲಿ ಮಲಬಾರ್ ಡ್ಯಾನಿಯೋ ಇದೆಯಲ್ಲ, ಅದರಲ್ಲಿ ಆಗಲ್ವಾ?

ಬೆಂಗಳೂರು ಲ್ಯಾಬ್, ಊರು ಸೋಮವಾರಪೇಟೆ:
ಹತ್ತಿರದ ನೆಂಟನೇ, ಆದರೆ ಬೇರೆ ಜಾತಿ. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ವಿಜ್ಞಾನಿ ಜಾರ್ಜ್ ಸ್ಟ್ರೈಸಿಂಗರ್ 1981ರಲ್ಲಿ ಜೀಬ್ರಾ ಮೀನಿನ ಕ್ಲೋನ್ ಬಗ್ಗೆ ಬರೆದರು. ಆಮೇಲೆ ಕೂಡಿಟ್ಟ ತಳಿಗಳು, 2013ರಲ್ಲಿ ಪ್ರಕಟವಾದ ಪೂರ್ತಿ ಜೀನೋಮ್, ಎಲ್ಲ ಜೀಬ್ರಾ ಮೀನಿನವು, ಅದಕ್ಕೇ ನಾವು ಇದನ್ನೇ ಬಳಸುವುದು. ಇನ್ನೊಂದು ಮಾತು. ಜೀನ್ ಬದಲಿಸುವುದನ್ನು ಮನೆಯಲ್ಲಿ ಯಾರೂ ಮಾಡಬೇಡಿ. 1989ರ ನಿಯಮದಂತೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಒಪ್ಪಬೇಕು. ಸಾಕಿದ ಮೀನನ್ನು ತೋಡಿಗೂ ಬಿಡಬೇಡಿ.

ವಿರಾಜಪೇಟೆ ಟೀಚರ್:
ಭಾನುವಾರ ಮೊಟ್ಟೆ ಇಟ್ಟದ್ದು ಕಂಡ ಕೂಡಲೇ ಮೊಬೈಲಿನಲ್ಲಿ ಟೈಮರ್ ಇಟ್ಟೆ. ನೀರು 25 ಡಿಗ್ರಿ ಇತ್ತು. ಒಂದು ಎರಡಾಗಲು ಗಂಟೆ ಹತ್ತಿರ ಹಿಡಿಯಿತು. ಆಮೇಲೆ ನಾಲ್ಕು, ಎಂಟು ಬೇಗ ಬೇಗ. ನಾಳೆ ಬೇಗ ಬರಲು ಹೇಳಿದ್ದೇನೆ, ಅವಳೇ ಕೂತು ಎಣಿಸಲಿ.