ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬರೀ 22%, ಆದರೂ ರೀಪರ್ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಚಟಚಟ ಸದ್ದು: ಉಳಿದ ಕೋರ್‌ಗಳು ಏನು ಮಾಡುತ್ತಿವೆ? (ಪರಿಹಾರವಾಗಿದೆ)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ, ಬಗೆಹರಿಯುತ್ತಿಲ್ಲ.

8 ಕೋರ್, 16 ಥ್ರೆಡ್‌ನ ಪ್ರೊಸೆಸರ್, 32 ಜಿಬಿ ರ್‍ಯಾಮ್, ವಿಂಡೋಸ್ 11. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅದರದೇ ಆಸಿಯೊ (ಸದ್ದನ್ನು ಕಡಿಮೆ ವಿಳಂಬದಲ್ಲಿ ಸಾಗಿಸುವ) ಡ್ರೈವರ್. 48 ಕಿಲೋಹರ್ಟ್ಸ್, ಬಫರ್ (ಒಮ್ಮೆಗೆ ಲೆಕ್ಕ ಮಾಡುವ ಸದ್ದಿನ ತುಂಡು) 128 ಸ್ಯಾಂಪಲ್. ಹಾಡಿನಲ್ಲಿ 34 ಟ್ರ್ಯಾಕ್ ಇವೆ. ಪ್ಲೇ ಮಾಡಿದರೆ ಚೆನ್ನಾಗಿಯೇ ಓಡುತ್ತದೆ. ಆದರೆ ಸಿಂಥ್ (ಕಂಪ್ಯೂಟರ್ ಒಳಗಿನ ವಾದ್ಯ) ಟ್ರ್ಯಾಕನ್ನು ರೆಕಾರ್ಡ್‌ಗೆ ಆರ್ಮ್ (ಸಜ್ಜು) ಮಾಡಿ ಕೀಬೋರ್ಡ್ ಮೇಲೆ ಕೈ ಇಟ್ಟ ತಕ್ಷಣ ಚಟಚಟ ಶುರು. ನಾಲ್ಕು ಸ್ವರ ಒಟ್ಟಿಗೆ ಒತ್ತಿದರೆ ಸದ್ದು ಪೂರ್ತಿ ಹರಿದುಹೋಗುತ್ತದೆ.

ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ನೋಡಿದರೆ 22%. ಹತ್ತಿರ ಹತ್ತಿರ ಎಂಬತ್ತು ಭಾಗ ಖಾಲಿ ಇರುವಾಗ ಸದ್ದು ಯಾಕೆ ಒಡೆಯಬೇಕು? ಬಫರ್ 256 ಮಾಡಿದೆ, ಸ್ವಲ್ಪ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಇನ್ನೂ ಹೆಚ್ಚು ಕೋರ್ ಇರುವ ಪ್ರೊಸೆಸರ್‌ಗೆ ಹೋಗುವುದೊಂದೇ ದಾರಿಯೇ? ದಯವಿಟ್ಟು ತಿಳಿದವರು ಹೇಳಿ.

ಉತ್ತರ 1

ಮೊದಲು ಡ್ರೈವರ್ ತೊಂದರೆ ಅಲ್ಲ ಎಂದು ಖಚಿತ ಮಾಡಿಕೊಳ್ಳಿ. ಡ್ರೈವರ್‌ಗಳ ವಿಳಂಬ ಅಳೆಯುವ ಲೇಟೆನ್ಸಿಮಾನ್ ತಂತ್ರಾಂಶ ಹಾಕಿ ಹತ್ತು ನಿಮಿಷ ಬಿಡಿ. ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಪ್ರೊಸೆಸರನ್ನು ಹೆಚ್ಚು ಹೊತ್ತು ಹಿಡಿದುಕೊಂಡರೆ ಅದರಲ್ಲಿ ಕೆಂಪು ಬರುತ್ತದೆ. ಹಾಗೆಯೇ ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ನಲ್ಲಿದೆಯೇ ನೋಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಪರೀಕ್ಷೆ ಮಾಡಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಪವರ್ ಪ್ಲಾನ್ ಮೊದಲೇ ಬದಲಿಸಿದ್ದೆ. ಲೇಟೆನ್ಸಿಮಾನ್ ಈಗ ಓಡಿಸಿದೆ, ಪೂರ್ತಿ ಹಸಿರು. ಆರ್ಮ್ ತೆಗೆದರೆ ಅದೇ ಹಾಡು ಒಂದು ಗಂಟೆ ಓಡಿದರೂ ಒಂದು ಚಟ್ ಇಲ್ಲ. ನುಡಿಸುವಾಗ ಮಾತ್ರ.

ಉತ್ತರ 2

"ನುಡಿಸುವಾಗ ಮಾತ್ರ" ಎಂದಿರಲ್ಲ, ವಿಷಯ ಇರುವುದು ಅಲ್ಲೇ. ಪ್ರೊಸೆಸರ್ ಬದಲಿಸುವ ಯೋಚನೆ ಸದ್ಯಕ್ಕೆ ಬಿಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ಆ 22% ಎಂಬ ಅಂಕಿಯನ್ನು ನಂಬಿ ತುಂಬ ಜನ ತಪ್ಪು ಜಾಗದಲ್ಲಿ ಹುಡುಕುತ್ತಾರೆ.

ನಿಮ್ಮ ಬಫರ್ 128 ಸ್ಯಾಂಪಲ್. 48,000ಕ್ಕೆ ಲೆಕ್ಕ ಹಾಕಿದರೆ 2.67 ಮಿಲಿಸೆಕೆಂಡ್. ಅಂದರೆ ಪ್ರತಿ ಸೆಕೆಂಡಿಗೆ 375 ಸಲ ಇಂಟರ್‌ಫೇಸ್ ಕೈ ಚಾಚುತ್ತದೆ, ಪ್ರತಿ ಸಲವೂ 2.67 ಮಿಲಿಸೆಕೆಂಡ್ ಒಳಗೆ ಮುಂದಿನ ತುಂಡು ಸಿದ್ಧವಿರಬೇಕು. 375ರಲ್ಲಿ ಮೂರು ತುಂಡು ತಡವಾದರೂ ಕಿವಿಗೆ ಮೂರು ಚಟ್ ಕೇಳುತ್ತದೆ. ಟಾಸ್ಕ್ ಮ್ಯಾನೇಜರ್ ತೋರಿಸುವುದು ಸುಮಾರು ಒಂದು ಸೆಕೆಂಡಿನ ಸರಾಸರಿ, ಅದೂ 16 ಥ್ರೆಡ್‌ಗಳ ಮೇಲಿನ ಸರಾಸರಿ. ಒಂದು ಥ್ರೆಡ್ ಉಸಿರು ಕಟ್ಟಿ ದುಡಿಯುತ್ತಿದ್ದರೂ ಒಟ್ಟು ಲೆಕ್ಕಕ್ಕೆ ಅದು ಸೇರಿಸುವುದು ಆರೇ ಶೇಕಡ ಚಿಲ್ಲರೆ.

ಇನ್ನು ಉಳಿದ ಕೋರ್‌ಗಳು ಯಾಕೆ ಸಹಾಯಕ್ಕೆ ಬರುವುದಿಲ್ಲ? ಗೋಡೆ ಏಳದೆ ಗಾರೆ ಬಳಿಯಲು ಆಗುವುದಿಲ್ಲ, ಗಾರೆ ಒಣಗದೆ ಬಣ್ಣ ಹೊಡೆಯಲು ಆಗುವುದಿಲ್ಲ. ಹದಿನಾರು ಜನ ನಿಂತಿದ್ದರೂ ಒಂದು ಗೋಡೆಯ ಮಟ್ಟಿಗೆ ಸರದಿ ಸರದಿಯೇ. ಸಿಂಥ್‌ನ ಸದ್ದು ಹೊರಬರದೆ ಸ್ಯಾಚುರೇಟರ್ (ಸದ್ದಿಗೆ ಒರಟುತನ ಕೊಡುವ ಎಫೆಕ್ಟ್) ಏನನ್ನೂ ಮಾಡಲಾರದು, ಸ್ಯಾಚುರೇಟರ್ ಮುಗಿಸದೆ ಬಸ್ (ಹಲವು ಟ್ರ್ಯಾಕ್ ಸೇರುವ ದಾರಿ) ಮೇಲಿನ ಕಂಪ್ರೆಸರ್ ಕಾಯಬೇಕು, ಎಲ್ಲ ಬಸ್ಸೂ ಬಂದು ಸೇರದೆ ಮಾಸ್ಟರ್ (ಎಲ್ಲ ಸದ್ದೂ ಕೊನೆಗೆ ಸೇರುವ ಟ್ರ್ಯಾಕ್) ಮೇಲಿನ ಲಿಮಿಟರ್ ಶುರುವಾಗದು. 34 ಬೇರೆ ಬೇರೆ ಟ್ರ್ಯಾಕ್‌ಗಳನ್ನು ಬೇರೆ ಬೇರೆ ಕೋರ್‌ಗಳಿಗೆ ಹಂಚಬಹುದು, ಹಂಚುತ್ತದೆ ಕೂಡ. ಆದರೆ ಒಂದಕ್ಕೊಂದು ಕಾದು ನಿಂತ ಸಾಲನ್ನು ಹಂಚಲು ಬರುವುದಿಲ್ಲ. ನಿಮ್ಮ ಪ್ರಾಜೆಕ್ಟ್‌ನ ಅತಿ ಉದ್ದದ ಆ ಸಾಲು 2.67 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಅದು ಮುಗಿಯದಿದ್ದರೆ 64 ಕೋರ್ ಇದ್ದರೂ ಚಟಚಟ ತಪ್ಪದು. ಅದಕ್ಕೇ ಈ ಕೆಲಸಕ್ಕೆ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರ್‌ನ ವೇಗ ಮುಖ್ಯ ಎನ್ನುವುದು.

ಬಫರ್ ಇಮ್ಮಡಿ ಮಾಡಿದರೂ ಯಾಕೆ ಹೋಗಲಿಲ್ಲ ಎನ್ನುವುದಕ್ಕೂ ಇದೇ ಕಾರಣ. 256 ಮಾಡಿದರೆ ಸಮಯ 5.33 ಆಗುತ್ತದೆ, ಸರಿ. ಮಾಡಬೇಕಾದ ಸ್ಯಾಂಪಲ್‌ಗಳೂ ಇಮ್ಮಡಿ ಆದವಲ್ಲ. ದೊಡ್ಡ ಬಫರ್ ಆಗೊಮ್ಮೆ ಈಗೊಮ್ಮೆ ಬರುವ ಏರಿಳಿತವನ್ನು ನುಂಗುತ್ತದೆ, ಪ್ರತಿ ತುಂಡಿಗೂ ತಗಲುವ ಖರ್ಚನ್ನು ಉಳಿಸುತ್ತದೆ. ಸಾಲೇ ಸಾಮರ್ಥ್ಯ ಮೀರಿದ್ದರೆ ಅದರಿಂದ ಬಗೆಹರಿಯದು.

ಹಾಗಾದರೆ ಪ್ಲೇ ಮಾಡುವಾಗ ಯಾಕೆ ಸುಮ್ಮನಿರುತ್ತದೆ? ರೀಪರ್‌ನಲ್ಲಿ ಆಂಟಿಸಿಪೇಟಿವ್ ಎಫ್‌ಎಕ್ಸ್ ಎಂಬ ವ್ಯವಸ್ಥೆ ಇದೆ. ರೆಕಾರ್ಡ್ ಆಗಿರುವ ಟ್ರ್ಯಾಕ್‌ಗಳಲ್ಲಿ ಮುಂದೆ ಏನು ಬರಲಿದೆ ಎಂದು ಅದಕ್ಕೆ ಗೊತ್ತು. ಹಾಗಾಗಿ 200 ಮಿಲಿಸೆಕೆಂಡ್‌ವರೆಗೆ ಮುಂಚಿತವಾಗಿಯೇ ಲೆಕ್ಕ ಮಾಡಿ ಇಟ್ಟುಕೊಳ್ಳುತ್ತದೆ. ಆಗ ಕೋರ್‌ಗಳು ನಿಧಾನವಾಗಿ, ಬಿಡುವಾದಾಗ ಕೆಲಸ ಮಾಡಬಹುದು. ಕ್ಯೂಬೇಸ್ ಎಂಬ ಇನ್ನೊಂದು ರೆಕಾರ್ಡಿಂಗ್ ತಂತ್ರಾಂಶದ ಆಸಿಯೊ ಗಾರ್ಡ್ ಮಾಡುವುದೂ ಇಂಥದ್ದೇ ಕೆಲಸ. ಆದರೆ ನೀವು ಇನ್ನೂ ಒತ್ತದ ಕೀಲಿಯ ಸದ್ದನ್ನು ಮೊದಲೇ ಲೆಕ್ಕ ಹಾಕಿಡಲು ಯಾವ ತಂತ್ರಾಂಶಕ್ಕೂ ಆಗದು. ಟ್ರ್ಯಾಕನ್ನು ಆರ್ಮ್ ಮಾಡಿದ ಕೂಡಲೇ ಆ ಟ್ರ್ಯಾಕ್ ಮಾತ್ರವಲ್ಲ, ಅದು ಹಾದುಹೋಗುವ ಬಸ್, ಮಾಸ್ಟರ್, ದಾರಿಯುದ್ದಕ್ಕೂ ಇರುವ ಎಲ್ಲವೂ ಆ 2.67ರ ಒಳಗೆ ಮುಗಿಯಬೇಕಾದ ಕೆಲಸವಾಗುತ್ತವೆ.

ಈಗ ವ್ಯೂ ಮೆನುವಿನಲ್ಲಿ ಪರ್ಫಾರ್ಮೆನ್ಸ್ ಮೀಟರ್ ತೆರೆಯಿರಿ. ಒಟ್ಟು ಸಿಪಿಯು ಬಿಟ್ಟುಬಿಡಿ. "ಆರ್‌ಟಿ ಲಾಂಗೆಸ್ಟ್ ಬ್ಲಾಕ್" (ಒಂದು ತುಂಡಿಗೆ ಹಿಡಿದ ಅತಿ ಹೆಚ್ಚು ಸಮಯ) ಎಂಬ ಸಾಲು ನೋಡಿ, ಅದರಲ್ಲಿ ಬರುವ ಸಂಖ್ಯೆ ಹೇಳಿ. ಸಿಂಥ್‌ನಿಂದ ಮಾಸ್ಟರ್‌ವರೆಗೆ ಯಾವ ಯಾವ ಪ್ಲಗಿನ್ (ವಾದ್ಯ, ಎಫೆಕ್ಟ್‌ಗಳ ಪುಟ್ಟ ತಂತ್ರಾಂಶ) ಇದೆ ಎಂದೂ ಕ್ರಮವಾಗಿ ಬರೆಯಿರಿ.

ಪ್ರಶ್ನೆ ಕೇಳಿದವರು

ನೋಡಿದೆ. ಆರ್ಮ್ ಮಾಡದಿದ್ದಾಗ 0.8 ಆಸುಪಾಸು. ಆರ್ಮ್ ಮಾಡಿ ನಾಲ್ಕು ಸ್ವರ ಒತ್ತಿದರೆ 2.94/2.67. ಕಣ್ಣೆದುರೇ ಮೀರುತ್ತಿದೆ!

ದಾರಿ ಹೀಗಿದೆ: ಒಂದೇ ಟ್ರ್ಯಾಕ್‌ನಲ್ಲಿ ಮೂರು ಸಿಂಥ್ ಪೇರಿಸಿದ್ದೇನೆ, ದಪ್ಪ ಸದ್ದು ಬರಲೆಂದು. ಒಂದರಲ್ಲಿ ಯೂನಿಸನ್ 8 (ಒಂದೇ ಸ್ವರಕ್ಕೆ ಎಂಟು ಧ್ವನಿ). ಆಮೇಲೆ ಸ್ಯಾಚುರೇಟರ್, ಓವರ್‌ಸ್ಯಾಂಪ್ಲಿಂಗ್ 8 ಪಟ್ಟು. ಅಲ್ಲಿಂದ ಸಿಂಥ್ ಬಸ್, ಅದರಲ್ಲಿ ಕಂಪ್ರೆಸರ್. ಅಲ್ಲಿಂದ ಮಾಸ್ಟರ್, ಅದರಲ್ಲಿ ಲೀನಿಯರ್ ಫೇಸ್ ಇಕ್ಯೂ (ಈಕ್ವಲೈಜರ್), ಲಿಮಿಟರ್, ಅದಕ್ಕೂ ಓವರ್‌ಸ್ಯಾಂಪ್ಲಿಂಗ್ 8 ಪಟ್ಟು.

ಇನ್ನೊಂದು ವಿಷಯ. ಕೀಲಿ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ. ಅದು ಇಂಟರ್‌ಫೇಸ್ ದೋಷ ಎಂದುಕೊಂಡಿದ್ದೆ.

ಉತ್ತರ 2

ಇಂಟರ್‌ಫೇಸ್ ಪಾಪ ಏನೂ ಮಾಡಿಲ್ಲ. ಮಾಸ್ಟರ್‌ನ ಎಫ್‌ಎಕ್ಸ್ ಕಿಟಕಿ ತೆರೆದು ಕೆಳಗಿನ ಪಟ್ಟಿಯಲ್ಲಿ ನೋಡಿ, ಸಿಪಿಯು ಪಕ್ಕದಲ್ಲೇ ಸ್ಯಾಂಪಲ್ ಲೆಕ್ಕದಲ್ಲಿ ವಿಳಂಬ ಬರೆದಿರುತ್ತದೆ. ಲೀನಿಯರ್ ಫೇಸ್ ಇಕ್ಯೂ 4096 ತೋರಿಸುತ್ತಿದ್ದರೆ ಅದೊಂದೇ 85 ಮಿಲಿಸೆಕೆಂಡ್. ನುಡಿಸುವಾಗ ಅದು ಇರಲೇಬಾರದು.

8 ಪಟ್ಟು ಓವರ್‌ಸ್ಯಾಂಪ್ಲಿಂಗ್ ಎಂದರೆ ಪ್ಲಗಿನ್ ಒಳಗೆ ಲೆಕ್ಕ ನಡೆಯುವುದು 384 ಕಿಲೋಹರ್ಟ್ಸ್‌ನಲ್ಲಿ. ಅಂಥವು ಎರಡು, ಒಂದೇ ಸಾಲಿನಲ್ಲಿ. ಜೊತೆಗೆ ಮೂರು ಸಿಂಥ್ ಒಂದೇ ಟ್ರ್ಯಾಕ್‌ನಲ್ಲಿ ಇರುವುದರಿಂದ ಒಂದಾದ ಮೇಲೆ ಒಂದು ಓಡುತ್ತವೆ. ಅವುಗಳ ಸದ್ದು ಒಂದನ್ನೊಂದು ಅವಲಂಬಿಸಿಲ್ಲ, ಆದರೂ ಒಂದೇ ಟ್ರ್ಯಾಕ್‌ನ ಪಟ್ಟಿಯಲ್ಲಿ ಕೂತಿರುವುದಕ್ಕೇ ಸರದಿ ಕಾಯುತ್ತಿವೆ. ನನಗೆ ಹೆಚ್ಚು ಬೇಸರವಾಗುವುದು ಇದರ ಬಗ್ಗೆ, ಏಕೆಂದರೆ ಇದು ಪುಕ್ಕಟೆಯಾಗಿ ಬಿಡಿಸಬಹುದಾದ ಗಂಟು.

ಹೀಗೆ ಮಾಡಿ. ಖಾಲಿ ಟ್ರ್ಯಾಕ್ ಒಂದನ್ನು ಆರ್ಮ್ ಮಾಡಿ, ಅದರಿಂದ ಮಿಡಿ (ಯಾವ ಕೀಲಿ ಒತ್ತಿದಿರಿ ಎಂಬ ಸಂದೇಶ) ಮಾತ್ರ ಮೂರು ಬೇರೆ ಟ್ರ್ಯಾಕ್‌ಗಳಿಗೆ ಸೆಂಡ್ ಕೊಡಿ. ಒಂದೊಂದರಲ್ಲಿ ಒಂದೊಂದು ಸಿಂಥ್. ಪ್ರಿಫರೆನ್ಸಸ್‌ನ ಆಡಿಯೊ, ಬಫರಿಂಗ್ ಪುಟದಲ್ಲಿ ಲೈವ್ ಎಫ್‌ಎಕ್ಸ್ ಮಲ್ಟಿಪ್ರೊಸೆಸಿಂಗ್ ಗುರುತು ಹಾಕಿದೆಯೇ ನೋಡಿ. ಈಗ ಮೂರೂ ಏಕಕಾಲಕ್ಕೆ ಮೂರು ಕೋರ್ ಹಿಡಿಯಬಹುದು. ಮೂರರ ಒಟ್ಟು ಸಮಯದ ಬದಲು, ಅತಿ ಭಾರದ ಒಂದು ಸಿಂಥ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಅಷ್ಟೇ ಸಾಲಿಗೆ ಸೇರುತ್ತದೆ. ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲ ಮೀಟರ್ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಉತ್ತರ 3

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಮ್ಯಾಕ್‌ನಲ್ಲಿ ಲಾಜಿಕ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸುವುದು. ಅಲ್ಲಿಯೂ ಮೀಟರ್‌ನಲ್ಲಿ ಒಂದೇ ಕಂಬ ತುದಿ ಮುಟ್ಟುತ್ತದೆ, ಉಳಿದವು ನೆಲಕ್ಕಂಟಿರುತ್ತವೆ. ಇದೇ ಕಾರಣವೇ? ಸಿಂಥ್ ಒಳಗೆ ಮಲ್ಟಿಕೋರ್ ಎಂಬ ಗುಂಡಿ ಇರುತ್ತದಲ್ಲ, ಅದನ್ನು ಒತ್ತಬಹುದೇ?

ಉತ್ತರ 2

ಇದೇ ಕಾರಣ. ಲಾಜಿಕ್‌ನಲ್ಲಿ ಸಾಫ್ಟ್‌ವೇರ್ ಇನ್‌ಸ್ಟ್ರುಮೆಂಟ್ ಟ್ರ್ಯಾಕನ್ನು ಆಯ್ಕೆ ಮಾಡಿದರೇ ಸಾಕು, ಅದು ಲೈವ್ ಆಗುತ್ತದೆ. ಮಿಕ್ಸ್ ಮಾಡುವಾಗ ಖಾಲಿ ಆಡಿಯೊ ಟ್ರ್ಯಾಕ್ ಒಂದನ್ನು ಆಯ್ಕೆ ಮಾಡಿಡಿ, ಕಂಬ ಇಳಿಯುವುದು ಕಾಣುತ್ತದೆ. ನುಡಿಸಲೇಬೇಕಾದರೆ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಮಲ್ಟಿಥ್ರೆಡಿಂಗನ್ನು ಪ್ಲೇಬ್ಯಾಕ್ ಮತ್ತು ಲೈವ್ ಟ್ರ್ಯಾಕ್ಸ್‌ಗೆ ಬದಲಿಸಿ ನೋಡಿ.

ಡಿವಾ, ಕಾಂಟ್ಯಾಕ್ಟ್‌ನಂಥ ವಾದ್ಯ ಪ್ಲಗಿನ್‌ಗಳಲ್ಲಿ ಇರುವ ಮಲ್ಟಿಕೋರ್ ಆಯ್ಕೆ ಪ್ಲಗಿನ್ ಒಳಗಿನ ಧ್ವನಿಗಳನ್ನೇ ಬೇರೆ ಕೋರ್‌ಗಳಿಗೆ ಹಂಚುತ್ತದೆ. ಅಂಥ ಭಾರದ ಸಿಂಥ್ ಒಂದೋ ಎರಡೋ ಇದ್ದರೆ ನಿಜಕ್ಕೂ ಉಪಯೋಗ. ಹತ್ತು ಹನ್ನೆರಡು ಇದ್ದರೆ ಮುಖ್ಯ ತಂತ್ರಾಂಶವೂ ಹಂಚುತ್ತದೆ, ಪ್ಲಗಿನ್ನೂ ಹಂಚುತ್ತದೆ, ಒಂದೇ ಕೋರ್‌ಗಾಗಿ ಎರಡೂ ಕಿತ್ತಾಡಬಹುದು. ಹಾಕಿ ನೋಡಿ, ತೆಗೆದು ನೋಡಿ, ಮೀಟರ್ ಹೇಳಿದ್ದನ್ನು ಕೇಳಿ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆ ಒಂದೊಂದೇ ಮಾಡಿದೆ. ಎಲ್ಲವೂ 128 ಬಫರ್‌ನಲ್ಲೇ, ಅದೇ ನಾಲ್ಕು ಸ್ವರ.

ಶುರುವಿನಲ್ಲಿ 2.94. ಮೂರು ಸಿಂಥ್ ಬೇರೆ ಬೇರೆ ಟ್ರ್ಯಾಕ್‌ಗೆ ಹಾಕಿದ ಮೇಲೆ 2.21. ಇಷ್ಟಕ್ಕೇ ಚಟಚಟ ನಿಂತಿತು! ಮಾಸ್ಟರ್‌ನ ಇಕ್ಯೂ, ಲಿಮಿಟರ್ ಎರಡನ್ನೂ ಬೈಪಾಸ್ ಮಾಡಿದೆ (ಸದ್ಯಕ್ಕೆ ದಾರಿಯಿಂದ ತಪ್ಪಿಸಿದೆ), 1.52. ಸ್ಯಾಚುರೇಟರ್ 8 ಪಟ್ಟಿನಿಂದ 2 ಪಟ್ಟಿಗೆ ಇಳಿಸಿದೆ, 1.2ರ ಹತ್ತಿರ ಬಂತು. ಸದ್ದಿನಲ್ಲಿ ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ, ಕೊನೆಯ ರೆಂಡರ್‌ಗೆ (ಹಾಡನ್ನು ಫೈಲ್ ಆಗಿ ಹೊರತೆಗೆಯುವಾಗ) ಮತ್ತೆ 8 ಮಾಡಿಕೊಳ್ಳುತ್ತೇನೆ. ಯೂನಿಸನ್ ಮುಟ್ಟಲೇ ಇಲ್ಲ.

ಬೆರಳು ಒತ್ತಿದಲ್ಲೇ ಸದ್ದು ಬರುತ್ತಿದೆ. ಇಕ್ಯೂ ನಿಜವಾಗಿ 4096 ತೋರಿಸುತ್ತಿತ್ತು ಸರ್.

ಅಂದಹಾಗೆ, ಟಾಸ್ಕ್ ಮ್ಯಾನೇಜರ್ ಈಗಲೂ 21% ಎನ್ನುತ್ತಿದೆ.

ಉತ್ತರ 2

ತುಂಬ ಸಂತೋಷ. ಮಾಸ್ಟರ್‌ನ ಆ ಎರಡನ್ನೂ ಬೈಪಾಸ್ ಮಾಡಲು ಒಂದು ಶಾರ್ಟ್‌ಕಟ್ ಕೀಲಿ ಇಟ್ಟುಕೊಳ್ಳಿ, ಪ್ರತಿ ಸಲ ಕಿಟಕಿ ತೆರೆಯುವುದು ತಪ್ಪುತ್ತದೆ. ನುಡಿಸಿ ಮುಗಿದ ಮೇಲೆ ಆರ್ಮ್ ತೆಗೆಯುವುದು ಮರೆಯಬೇಡಿ, ಆರ್ಮ್ ಇದ್ದಷ್ಟು ಹೊತ್ತೂ ಆ ದಾರಿ ಲೈವ್ ಆಗಿಯೇ ಇರುತ್ತದೆ. ಮುಂದೆ ಟ್ರ್ಯಾಕ್ ಹೆಚ್ಚಾಗಿ ಒಟ್ಟು ಸಿಪಿಯುವೇ ಏರತೊಡಗಿದರೆ ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್ ಮಾಡಿ ಫ್ರೀಜ್ ಮಾಡಿ (ಪ್ಲಗಿನ್‌ಗಳ ಸದ್ದನ್ನು ಆಡಿಯೊ ಆಗಿ ಉಳಿಸಿಕೊಳ್ಳಿ). ಆಗ ಬೇಕಾದರೆ ಹೆಚ್ಚು ಕೋರ್‌ಗಳ ಮಾತು ಆಡೋಣ.